ಆಡಲಿಲ್ಲ

ಕಾಲಿನ ಹುಣ್ಣಿಗೆ ಪಟ್ಟಿ ಬದಲಿಸಲು ಹೋದವಳು ನಾನು,
ಗುರುವಾರ ಹನ್ನೊಂದೂವರೆಗೆ,
ಕೀತ್ಲಿಯ ಏರುಬೀದಿಯ ಕೊನೆಮನೆಗೆ.
ಈನಾಕ್ ಸಗ್ಡನ್, ಎಂಬತ್ನಾಲ್ಕು, ಸಕ್ಕರೆ ಕಾಯಿಲೆ.
ಸ್ಟೂಲಿನ ಮೇಲೆ ಕಾಲು, ತೊಡೆಯ ಮೇಲೆ ಟ್ರೇ,
ಟ್ರೇಯಲ್ಲಿ ಇಪ್ಪತ್ತೊಂದು ಕಾರ್ಡು,
ಓಟ್ಸ್ ಡಬ್ಬಿಯ ರಟ್ಟು ಕತ್ತರಿಸಿ ಪೆನ್ಸಿಲಿನಲ್ಲಿ ಬರೆದವು.
ಒಂದು ಕೆಂಪು ದಾಳ, ಒಂದು ಬಿಳಿ.

"ಕೂತ್ಕೋ. ಬಣ್ಣದ ಮಿಲ್ಲಿನವರು ನನಗೆ, ರೈಲ್ವೆಯವರು ನಿನಗೆ.
ಐವತ್ತೊಂದರ ಆಗಸ್ಟು. ಕೊನೆಯ ಆರು ಓವರು.
ನಿನಗೆ ಎಂಟು ಬಿದ್ದಿವೆ, ಹತ್ತೊಂಬತ್ತು ಬೇಕು."
ಒಬ್ಬರೇ ಆಡುವುದಿಲ್ಲವಂತೆ, ಕೈ ಮೋಸ ಮಾಡುತ್ತದಂತೆ.

ನನಗೆ ಕ್ರಿಕೆಟ್ ಬಾರದು. ಗೊತ್ತಿದ್ದದ್ದು ಚೌಕಾಬಾರ,
ಹುಣಸೆಬೀಜ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿ
ಶಹಾಪುರದ ಪಡಸಾಲೆಯಲ್ಲಿ ದೊಡ್ಡಮ್ಮನೊಡನೆ ಕದನ.
ಗರ ಬೀಳದಿದ್ದರೆ ಆಕೆ ಬೀಜಕ್ಕೇ ಬೈಯುವಳು:
ನಿನ್ನ ಕಣ್ಣಿಗೆ ಮಣ್ಣು ಬೀಳ!
ಅದನ್ನೇ ಕೀತ್ಲಿಯಲ್ಲಿ ಬೈದೆ. ಈನಾಕ್ ಅರ್ಥ ಕೇಳಲಿಲ್ಲ,
ಸ್ಕೋರ್ ಪುಸ್ತಕದ ಅಂಚಿನಲ್ಲಿ ಅದಕ್ಕೂ ಒಂದು ಚುಕ್ಕೆ ಇಟ್ಟರು.

ಸೆಲ್ವಿನ್ ಸಗ್ಡನ್ನನ ಕಾರ್ಡು ಮಿಕ್ಕವಕ್ಕಿಂತ ಮಾಸಿತ್ತು.
ಉಳಿದ ಹತ್ತು ಮಂದಿಗೆ ಕ್ಯಾಚ್ ಹಿಡಿಯಲು ಮೂರು ಬಿದ್ದರೂ ಸಾಕು.
ಅವನಿಗೆ ಆರು. ಆರೊಂದೇ.
"ಸ್ವಂತ ಅಪ್ಪನಿಗೆ ಇಷ್ಟು ಜಿಪುಣತನವೇ?"
"ಬೇಲಿ ಹತ್ತಿ ಕೂತಿದ್ದೆ. ಒಂಬತ್ತು ವರ್ಷ. ನೋಡಿದ್ದೇನೆ.
ನೀಲಿ ತೊಟ್ಟಿಯಲ್ಲಿ ದುಡಿದ ಕೈ, ಮೊಣಕೈವರೆಗೂ ನೀಲಿ.
ಚೆಂಡು ಆ ನೀಲಿಯೊಳಗೆ ಇಳಿಯಿತು. ಆಮೇಲೆ ಹುಲ್ಲಿನಲ್ಲಿತ್ತು."
ಕೈಗೆ ಬಂದ ತುತ್ತು, ಅಂದೆ, ಕನ್ನಡದಲ್ಲಿ.
ಮಿಲ್ಲಿನ ಗೇಟಿನಲ್ಲಿ ಎಷ್ಟೋ ವರ್ಷ
ಅವನು ಹಾದುಹೋಗುವಾಗ ಜನ ಬೆಣ್ಣೆಯ ಬೆಲೆ ವಿಚಾರಿಸುತ್ತಿದ್ದರಂತೆ.

ಮೊದಲ ಸಲ ಎರಡು ಬಿತ್ತು. ಆಮೇಲೊಮ್ಮೆ ಐದು, ಮತ್ತೊಮ್ಮೆ ಒಂದು.
ಮೂರು ಸಲವೂ ಹಾರ್ಗ್ರೀವ್ಸ್ ಬದುಕಿಕೊಂಡ, ರೈಲ್ವೆ ಗೆದ್ದಿತು,
ನಾನು ಗೆದ್ದೆ, ಗೆದ್ದು ಗಾಜ್ ಸುತ್ತಿದೆ.

ಮಾರ್ಚಿನ ಎರಡನೇ ಗುರುವಾರ.
ಹಿಮ ಕರಗಿ ಚರಂಡಿ ಗೊಣಗುತ್ತಿತ್ತು.
ಬೇಕಿದ್ದದ್ದು ಇನ್ನೈದು. ಹಾರ್ಗ್ರೀವ್ಸ್ ಎತ್ತಿ ಹೊಡೆದ.
ಕ್ಯಾಚಿನ ದಾಳ ಅವರು ಎಸೆಯುವುದಿಲ್ಲ, ನನ್ನ ಕೈಗೇ ಕೊಡುತ್ತಾರೆ.
ಗ್ಲೌಸ್ ಕಳಚದೆ ಹಾಗೇ ಎಸೆದೆ.
ಟ್ರೇಯ ಅಂಚಿಗೆ ತಾಗಿ, ಇನ್ಸುಲಿನ್ ಪೆನ್ನಿನ ಪಕ್ಕಕ್ಕೆ ಉರುಳಿ ನಿಂತಿತು,
ಆರು.

ಅಳುತ್ತಾರೆ ಅಂದುಕೊಂಡೆ. ಇಲ್ಲ.
ಕನ್ನಡಕ ತೆಗೆದು, ಸ್ವೆಟರಿಗೆ ಒರೆಸಿ, ಮತ್ತೆ ಹಾಕಿಕೊಂಡು
"ಓರೆ ನಿಂತಿದೆಯೇ?" ಅಂದರು. ನೆಟ್ಟಗಿದೆ ಅಂದೆ.
ಪುಸ್ತಕದಲ್ಲಿ ಬರೆದರು: ಹಾರ್ಗ್ರೀವ್ಸ್, ಕ್ಯಾಚ್ ಸಗ್ಡನ್.
ತುಂಬ ದಪ್ಪಗಾಯಿತೆಂದು ರಬ್ಬರಿನಿಂದ ಅಳಿಸಿ
ಮಿಕ್ಕ ಹೆಸರುಗಳಷ್ಟೇ ತೆಳ್ಳಗೆ ಬರೆದರು.

ಮುಂದಿನವ? ಕಟ್ಟು ಮಗುಚಿದೆ. ಕಾರ್ಡಿಲ್ಲ.
ಇಪ್ಪತ್ತೊಂದೇ. ಮಾಡಿಯೇ ಇರಲಿಲ್ಲ.
ಹಳೆಯ ಪುಟದಲ್ಲಿ ಹೆಸರೇನೋ ಇದೆ, ಥ್ರೆಲ್ಫಾಲ್,
ಹೆಸರಿನ ಮುಂದೆ ಒಂದೇ ಮಾತು: ಆಡಲಿಲ್ಲ.
ಸಿಗ್ನಲ್ ಕೋಣೆಯ ಹುಡುಗ. ಪ್ಯಾಡು ಕಟ್ಟಿಕೊಂಡು
ಮೆಟ್ಟಿಲ ಮೇಲೆ ಕೂತು ಪ್ಲಮ್ ತಿನ್ನುತ್ತಿದ್ದನಂತೆ,
ಬೀಜ ಎಷ್ಟು ದೂರ ಉಗಿಯಬಹುದೆಂದು ನೋಡುತ್ತ.
"ಹೇಗೆ ಆಡುತ್ತಿದ್ದ?"
"ಯಾರಿಗೆ ಗೊತ್ತು? ನನಗೆ ಬೀಜಗಳಷ್ಟೇ ನೆನಪು.
ನೀನೇ ಬರಿ. ನಿನ್ನ ಕಡೆಯವನು."

ಓಟ್ಸ್ ಡಬ್ಬಿ ಇನ್ನೂ ಮುಗಿದಿರಲಿಲ್ಲ,
ಪಟ್ಟಿಯ ಪೆಟ್ಟಿಗೆಯ ಮುಚ್ಚಳ ಹರಿದೆ.
ಒಂದು ಬಿದ್ದರೆ ಔಟು. ಎರಡಕ್ಕೂ ಮೂರಕ್ಕೂ ಏನಿಲ್ಲ.
ನಾಲ್ಕಕ್ಕೆ ಒಂದು ರನ್ನು. ಐದಕ್ಕೆ
ಪೆನ್ಸಿಲು ನಿಂತಿತು. ದೊಡ್ಡಮ್ಮನಾಗಿದ್ದರೆ
ಆಟಕ್ಕೆ ಹೊಸಬರು ಬಂದಾಗ ಒಂದು ಗರ ಬಿಟ್ಟುಕೊಡುವಳು,
ಮರುಗರಕ್ಕೇ ಕಾಯಿ ಹೊಡೆಯುವಳು.

ಹನ್ನೆರಡೂ ಹತ್ತು. ಬಿಂಗ್ಲಿಯಲ್ಲಿ ಇನ್ನೊಂದು ಕಾಲು ಕಾದಿತ್ತು.
ಐದರ ಮುಂದೆ ಖಾಲಿ ಬಿಟ್ಟು, ಮುಂದಿನ ಗುರುವಾರ, ಅಂದೆ.
ಈನಾಕ್ ಟ್ರೇಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.
"ಬಾಗಿಲು ಮೆಲ್ಲಗೆ ಎಳಕೋ," ಅಂದರು.
"ದಾಳ ಮಗುಚೀತು."